ಹೊಸ್ತಿಲಿನಾಚೆಯ ಹತ್ತು ಅಡಿ: ಮುಂಬಾಗಿಲಿನ ಕುರಿತು ಓದುಗರ ಪ್ರಶ್ನೆಗಳು, ಉತ್ತರಗಳು

ಈ ಸಂಚಿಕೆಗೆ ಆಯ್ದುಕೊಂಡಿರುವ ಪತ್ರಗಳೆಲ್ಲ ಮನೆಯ ಮುಂಬಾಗಿಲಿಗೂ ಅದನ್ನು ತೆರೆದೊಡನೆ ಕಣ್ಣಿಗೆ ಬೀಳುವ ಜಾಗಕ್ಕೂ ಸಂಬಂಧಿಸಿದವು. ಬಾಗಿಲಿಗಾಗಿ ಮರ, ಬೀಗ, ಬಣ್ಣ ಎಂದು ತಿಂಗಳುಗಟ್ಟಲೆ ಯೋಚಿಸುವವರೂ ಅದರ ಮುಂದಿನ ಹತ್ತು ಅಡಿ ನೆಲವನ್ನು ಕಟ್ಟಡದ ಕೆಲಸ ಮುಗಿದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಬಾಗಿಲಿನ ಬಹುಪಾಲು ತೊಂದರೆಗಳು ಹುಟ್ಟುವುದು ಆ ಹತ್ತು ಅಡಿಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಬಹುತೇಕ ಪ್ರಶ್ನೆಗಳಿಗೆ ಹೊಸ್ತಿಲಿನ ಹೊರಗಡೆಯಿಂದಲೇ ಉತ್ತರ ಹುಡುಕಿದ್ದೇನೆ.

ಪ್ರಶ್ನೆ: ಬಾಗಿಲು ತೆರೆದರೆ ಎದುರಿಗೆ ನೇರವಾಗಿ ಕಾಣುವುದು ಒಂದು ವಿದ್ಯುತ್ ಕಂಬ. ಬಾಗಿಲಿನಿಂದ ಸುಮಾರು ಎಂಟು ಮೀಟರ್ ದೂರದಲ್ಲಿದೆ. ಅದನ್ನು ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ತಿಳಿದುಬಂದಿದೆ. ಪ್ರತಿದಿನ ಬೆಳಿಗ್ಗೆ ಅದನ್ನೇ ನೋಡಬೇಕಲ್ಲ ಎಂದು ಬೇಸರವಾಗುತ್ತದೆ. ಮನೆಯವರು ಇದು ಬರಿಯ ಮನಸ್ಸಿನ ಕಿರಿಕಿರಿ ಎನ್ನುತ್ತಾರೆ. ಬಾಗಿಲನ್ನೇ ಬೇರೆ ಗೋಡೆಗೆ ಬದಲಾಯಿಸಬೇಕೇ?

ಉತ್ತರ: ಬದಲಾಯಿಸಬೇಕಾಗಿಲ್ಲ. ಆದರೆ ನಿಮ್ಮ ಬೇಸರವನ್ನು ಬರಿಯ ಕಿರಿಕಿರಿ ಎಂದು ತಳ್ಳಿಹಾಕುವುದೂ ಸರಿಯಲ್ಲ. ದಿನವೂ ಕಣ್ಣಿಗೆ ಬೀಳುವ ದೃಶ್ಯ ದೇಹಸ್ಥಿತಿಯ ಮೇಲೂ ಪರಿಣಾಮ ಬೀರಬಲ್ಲದು ಎಂಬುದಕ್ಕೆ ಆಧಾರವಿದೆ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿದ್ದ ರೋಗಿಗಳ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಸರಾಸರಿಯಲ್ಲಿ ಬೇಗ ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದರು. ಪ್ರಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು. ಅದು 46 ರೋಗಿಗಳ ಚಿಕ್ಕ ಅಧ್ಯಯನ, ಅಲ್ಲಿದ್ದದ್ದು ಕಿಟಕಿಯೇ ಹೊರತು ಬಾಗಿಲಲ್ಲ. ಆದರೂ ಎದುರಿಗೆ ಏನು ಕಾಣುತ್ತದೆ ಎಂದು ನೀವು ಯೋಚಿಸುತ್ತಿರುವುದು ಅರ್ಥವಿಲ್ಲದ ಮಾತಲ್ಲ ಎನ್ನಲು ಅಷ್ಟು ಸಾಕು.

ಈಗ ಅಳತೆಗೆ ಬರೋಣ. ಬಾಗಿಲಿನಿಂದ ಎರಡು ಮೀಟರ್ ಒಳಗೆ ನಿಂತು ಹೊರಗೆ ನೋಡಿರಿ. ನಿಮ್ಮ ಕಣ್ಣಿನಿಂದ ಕಂಬಕ್ಕೆ ಹತ್ತು ಮೀಟರ್ ಆಯಿತು. ಕಂಬದ ದಪ್ಪ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಬಾಗಿಲಿನಿಂದ ಒಂದು ಮೀಟರ್ ಹೊರಗೆ, ಅಂದರೆ ಕಣ್ಣಿನಿಂದ ಮೂರು ಮೀಟರ್ ದೂರದಲ್ಲಿ, ಅದನ್ನು ಮರೆಮಾಡಲು ಆರು ಸೆಂಟಿಮೀಟರ್ ಅಗಲದ ವಸ್ತು ಸಾಕು. ಇದು ಒಂದೇ ಕಣ್ಣಿನಿಂದ ನೋಡಿದಾಗಿನ ಲೆಕ್ಕ. ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಂತರವಿರುವುದರಿಂದ ವಾಸ್ತವದಲ್ಲಿ ಹತ್ತು ಹನ್ನೊಂದು ಸೆಂಟಿಮೀಟರ್ ಬೇಕಾಗುತ್ತದೆ. ನಿಂತಲ್ಲಿಯೇ ಅತ್ತಿತ್ತ ಸ್ವಲ್ಪ ವಾಲಿದರೂ ಕಂಬ ಇಣುಕಬಾರದು ಎಂದರೆ ಒಂದು ಗೇಣು ಅಗಲ ಬೇಕು. ಒಂದು ಗೇಣು ಅಗಲಕ್ಕೆ ಹಬ್ಬಿದ ಬಳ್ಳಿ ಎಂಟು ಮೀಟರ್ ಆಚೆಯ ಕಂಬವನ್ನು ಮರೆಮಾಡುತ್ತದೆ ಎಂಬುದನ್ನು ಜನ ಸಾಮಾನ್ಯವಾಗಿ ನಂಬುವುದಿಲ್ಲ. ಅದಕ್ಕಾಗಿಯೇ ಕಂಬದ ಬುಡದಲ್ಲಿ ಗಿಡ ನೆಟ್ಟು ವರ್ಷಾನುಗಟ್ಟಲೆ ಕಾಯುತ್ತಾರೆ. ಮರೆಯು ಕಣ್ಣಿಗೆ ಹತ್ತಿರವಿದ್ದಷ್ಟೂ ಚಿಕ್ಕದಾಗಿದ್ದರೆ ಸಾಕು.

ಎತ್ತರದ ವಿಷಯದಲ್ಲಿ ನಿಮ್ಮ ಬಾಗಿಲುವಾಡವೇ ಅರ್ಧ ಕೆಲಸ ಮಾಡಿಕೊಡುತ್ತಿದೆ. ಅದರ ಮೇಲಿನ ಅಡ್ಡಪಟ್ಟಿ 2.1 ಮೀಟರ್ ಎತ್ತರದಲ್ಲಿದ್ದು ನಿಮ್ಮ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಎರಡು ಮೀಟರ್ ಒಳಗೆ ನಿಂತವರಿಗೆ ಕಂಬದ ಕೆಳಗಿನ ನಾಲ್ಕೂವರೆ ಮೀಟರ್ ಮಾತ್ರ ಕಾಣುತ್ತದೆ. ತಂತಿಗಳು, ಪಿಂಗಾಣಿಯ ಬಟ್ಟಲುಗಳು ಎಲ್ಲವೂ ಆಗಲೇ ಮರೆಯಾಗಿರುತ್ತವೆ. ಉಳಿದ ಭಾಗಕ್ಕೆ, ಬಾಗಿಲಿನಿಂದ ಒಂದು ಮೀಟರ್ ಹೊರಗೆ ನೆಲದಿಂದ 2.4 ಮೀಟರ್ ಎತ್ತರದವರೆಗೆ ಎರಡು ಮೂರು ತಂತಿಗಳನ್ನು ಲಂಬವಾಗಿ ಎಳೆದು ಬಳ್ಳಿ ಹಬ್ಬಿಸಿದರೆ ಆಯಿತು. ಬಳ್ಳಿಯ ನೆಲೆಯನ್ನು ನಿರ್ಧರಿಸುವ ಮೊದಲು, ಮನೆಯಲ್ಲಿ ನೀವು ಹೆಚ್ಚು ಹೊತ್ತು ನಿಲ್ಲುವ ಅಥವಾ ಕೂರುವ ಜಾಗದಿಂದ ಕಂಬದ ಬುಡಕ್ಕೆ ಒಂದು ದಾರ ಹಿಡಿಸಿ ನೋಡಿರಿ. ದಾರ ಸಾಗುವ ಗೆರೆಯ ಮೇಲೆಯೇ ಬಳ್ಳಿ ಬರಬೇಕು. ಒಂದು ವೇಳೆ ಅದು ನಡೆದಾಡುವ ದಾರಿಯ ನಡುವೆ ಬರುತ್ತದೆಯಾದರೆ ಬಳ್ಳಿಯನ್ನು ಪಕ್ಕಕ್ಕೆ ಸರಿಸುವುದಕ್ಕಿಂತ, ಒಳಗಿನ ಕುರ್ಚಿಯನ್ನು ಎರಡು ಅಡಿ ಸರಿಸುವುದು ಸುಲಭ.

ಇನ್ನೊಂದು ಉಪಾಯವೂ ಇದೆ. ಕತ್ತಲಿನ ಚೌಕಟ್ಟಿನ ಆಚೆಗೆ ಎಲ್ಲಿ ಹೆಚ್ಚು ಬೆಳಕಿದೆಯೋ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ಪೀಟರ್ ಡಿ ಹೂಖ್ ತೆರೆದ ಬಾಗಿಲುಗಳ ಆಚೆ ಬಿಸಿಲು ಬಿದ್ದ ಅಂಗಳವನ್ನೋ ಬೀದಿಯನ್ನೋ ಚಿತ್ರಿಸಿ ನೋಡುಗರ ದೃಷ್ಟಿಯನ್ನು ಎಳೆದೊಯ್ಯುತ್ತಿದ್ದದ್ದು ಈ ಗುಣದಿಂದಲೇ. ಕಂಬದ ಒಂದು ಪಕ್ಕಕ್ಕೆ ಬಿಸಿಲು ಬೀಳುವ ಜಾಗದಲ್ಲಿ ತಿಳಿ ಬಣ್ಣದ ಕುಂಡವನ್ನೋ ಹೂವಿನ ಗಿಡವನ್ನೋ ಇಟ್ಟರೆ ಕಂಬ ಅಲ್ಲಿಯೇ ಇದ್ದರೂ ಮೊದಲ ನೋಟಕ್ಕೆ ಸಿಗುವುದಿಲ್ಲ.

ಪ್ರಶ್ನೆ: ಮಳೆಗಾಲ ಬಂದರೆ ನಮ್ಮ ಮುಂಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಭುಜಕೊಟ್ಟು ನೂಕಬೇಕು. ಪ್ರತಿ ಸಲವೂ ಬಡಗಿಯನ್ನು ಕರೆಸಿ ಅಂಚಿಗೆ ತೋಪಡ ಹೊಡೆಸುತ್ತೇವೆ. ಬೇಸಿಗೆಯಲ್ಲಿ ಅದೇ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಕಾಣುತ್ತದೆ. ಮರವೇ ಕಳಪೆಯೇ?

ಉತ್ತರ: ಮರ ಕಳಪೆಯಾಗಿರಲಿಕ್ಕಿಲ್ಲ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಉಬ್ಬುವಿಕೆ ನಾರಿನ ಉದ್ದಕ್ಕೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ನಾರಿಗೆ ಅಡ್ಡವಾಗಿ ಮಾತ್ರ ಹೆಚ್ಚು. ಹೆಚ್ಚು ಅಲುಗಾಡದ ಮರವೆಂದು ಹೆಸರಾದ ತೇಗದ ಹಲಗೆ ಕೂಡ, ಹಸಿಯಾಗಿದ್ದಾಗಿನಿಂದ ಪೂರ್ತಿ ಒಣಗುವಷ್ಟರಲ್ಲಿ ಕೊಯ್ದ ದಿಕ್ಕಿಗೆ ತಕ್ಕಂತೆ ಅಗಲದಲ್ಲಿ ಶೇಕಡಾ 2.5ರಿಂದ 5.8ರವರೆಗೆ ಕುಗ್ಗುತ್ತದೆ. ಇದರ ಪರಿಣಾಮವನ್ನು ಬಾಗಿಲಿಗೆ ಹಚ್ಚಿ ನೋಡೋಣ. 90 ಸೆಂಟಿಮೀಟರ್ ಅಗಲದ ಕದವನ್ನು ನಿಲುವು ಹಲಗೆಗಳನ್ನೇ ಒಂದರ ಪಕ್ಕ ಒಂದು ಜೋಡಿಸಿ ಮಾಡಿದ್ದರೆ, ಮಳೆಗಾಲದಲ್ಲಿ ಮರದ ತೇವಾಂಶ ಶೇಕಡಾ 10ರಿಂದ 14ಕ್ಕೆ ಏರಿದಾಗ ಆ ಕದ ಏಳು ಮಿಲಿಮೀಟರಿನಷ್ಟು ಅಗಲವಾಗಬಹುದು. ಒಳ್ಳೆಯ ಬಡಗಿ ಸುತ್ತಲೂ ಬಿಡುವ ಸಂದು ಸುಮಾರು ಮೂರು ಮಿಲಿಮೀಟರ್. ಕಚ್ಚಿಕೊಳ್ಳದೆ ಇನ್ನೇನಾದೀತು? ಅದೇ ಅಗಲದ ಕದವನ್ನು ಎರಡು ನಿಲುವು ಪಟ್ಟಿ, ಅಡ್ಡಪಟ್ಟಿಗಳ ಚೌಕಟ್ಟಾಗಿ ಮಾಡಿ, ನಡುವಿನ ಹಲಗೆಗಳನ್ನು ಅಂಟು ಹಾಕದೆ ಪಟ್ಟಿಗಳ ಅಂಚಿನಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂರಿಸಿದ್ದರೆ, ಉಬ್ಬುವುದು ಎರಡು ನಿಲುವು ಪಟ್ಟಿಗಳಷ್ಟೇ. ಒಟ್ಟು ಹೆಚ್ಚಳ ಎರಡು ಮಿಲಿಮೀಟರ್ ಮೀರುವುದಿಲ್ಲ. ದಿಲ್ಲೆಗಳಿರುವ, ಅಂದರೆ ಇಂಥ ನಡುಹಲಗೆಗಳಿರುವ, ಹಳೆಯ ಕಾಲದ ಬಾಗಿಲುಗಳ ವಿನ್ಯಾಸ ಅಂದಕ್ಕಾಗಿ ಮಾತ್ರ ಹುಟ್ಟಿದ್ದಲ್ಲ.

ತೋಪಡ ಹೊಡೆಸುವುದನ್ನು ದಯವಿಟ್ಟು ನಿಲ್ಲಿಸಿರಿ. ಮಳೆಗಾಲದಲ್ಲಿ ಕೆತ್ತಿದ ಮರ ಬೇಸಿಗೆಯಲ್ಲಿ ಮರಳಿ ಬರುವುದಿಲ್ಲ, ನೀವು ನೋಡುತ್ತಿರುವ ಸಂದು ಅದೇ. ಮೊದಲು ಉಜ್ಜುತ್ತಿರುವುದು ಎಲ್ಲಿ ಎಂದು ಪತ್ತೆ ಮಾಡಿರಿ. ಕದವನ್ನು ಮುಚ್ಚುವಾಗ ಅಂಚಿನ ಉದ್ದಕ್ಕೂ ಒಂದು ಕಾಗದದ ಪಟ್ಟಿಯನ್ನು ಇಟ್ಟು ಎಳೆಯುತ್ತ ಹೋದರೆ ಹಿಡಿತ ಎಲ್ಲಿದೆ ಎಂದು ತಿಳಿಯುತ್ತದೆ. ಬೀಗದ ಕಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಕಾಗದ ಸಿಕ್ಕಿಕೊಂಡರೆ ತೊಂದರೆ ತೇವದ್ದಲ್ಲ, ಮೇಲಿನ ತಿರುಗಣಿಯ ಸ್ಕ್ರೂಗಳು ಸಡಿಲಗೊಂಡು ಕದ ಜೋತುಬಿದ್ದಿದೆ. ಅವುಗಳ ಪೈಕಿ ಒಂದನ್ನು ತೆಗೆದು ಬಾಗಿಲುವಾಡದ ಆಳಕ್ಕೆ ಹೋಗುವಷ್ಟು ಉದ್ದದ ಸ್ಕ್ರೂ ಹಾಕಿಸಿದರೆ ಕದ ಮೇಲೇಳುತ್ತದೆ. ಬೀಗದ ಕಡೆಯ ಅಂಚಿನ ಉದ್ದಕ್ಕೂ ಹಿಡಿತವಿದ್ದರೆ ಅದು ಉಬ್ಬು. ಅದಕ್ಕೆ ಸದ್ಯಕ್ಕೆ ಮೇಣದ ಬತ್ತಿಯನ್ನು ಅಂಚಿಗೆ ಉಜ್ಜಿ ಕಾಲ ಕಳೆಯಿರಿ. ಮರ ಒಣಗಿದ ಮೇಲೆ ಕದವನ್ನು ಕಳಚಿಸಿ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ನೋಡಿರಿ. ನೂರಕ್ಕೆ ನೂರು ಎನ್ನಲಾರೆ, ಆದರೆ ಬಹುತೇಕ ಬಾಗಿಲುಗಳಲ್ಲಿ ಆ ಎರಡು ಅಂಚುಗಳಿಗೆ ಬಣ್ಣವಾಗಲಿ ವಾರ್ನಿಷ್ ಆಗಲಿ ತಾಗಿಯೇ ಇರುವುದಿಲ್ಲ. ನಿಲುವು ಪಟ್ಟಿಗಳ ನಾರಿನ ತುದಿಗಳು ತೆರೆದುಕೊಂಡಿರುವುದು ಅಲ್ಲಿಯೇ, ಮರ ನೀರನ್ನು ಅತಿ ವೇಗವಾಗಿ ಹೀರುವುದೂ ಆ ತುದಿಗಳಿಂದಲೇ. ಆರೂ ಮುಖಗಳಿಗೆ ಲೇಪ ಹಚ್ಚದ ಕದಕ್ಕೆ ಮುಂಭಾಗದಲ್ಲಿ ಎಷ್ಟು ಪಾಲಿಶ್ ಕೊಟ್ಟರೂ ವ್ಯರ್ಥ.

ಇನ್ನು ಹೊರಗೆ ಬನ್ನಿರಿ. ಬಾಗಿಲಿನ ಮುಂದೆ ಗಟ್ಟಿ ನೆಲವಿದ್ದು ಮೇಲೆ ಸಜ್ಜೆ ಚಿಕ್ಕದಾಗಿದ್ದರೆ, ಮಳೆಯ ಹನಿ ನೆಲಕ್ಕೆ ಬಡಿದು ಸಿಡಿದು ಕದದ ಕೆಳಭಾಗವನ್ನು ಮತ್ತೆ ಮತ್ತೆ ತೋಯಿಸುತ್ತದೆ. ಮಳೆ ನಿಂತ ತಕ್ಷಣ ಕದದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರೆ ಕೆಸರಿನ ಚುಕ್ಕೆಗಳ ಸಾಲೊಂದು ಎಷ್ಟು ಎತ್ತರದವರೆಗೆ ಹತ್ತಿದೆ ಎಂದು ಕಾಣುತ್ತದೆ. ಬಣ್ಣ ಮೊದಲು ಬಿಟ್ಟುಕೊಳ್ಳುವುದೂ ಆ ಸಾಲಿನ ಕೆಳಗೆಯೇ. ನೆಲ ಬಾಗಿಲಿನಿಂದ ಹೊರಮುಖವಾಗಿ ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ಇಳಿಯಬೇಕು. ಇಳಿಯುತ್ತಿದೆಯೇ ಎಂದು ತಿಳಿಯಲು ರಸಮಟ್ಟ ಇಟ್ಟು ನೋಡಬಹುದು, ಇಲ್ಲವೇ ಒಂದು ಚೊಂಬು ನೀರು ಸುರಿದು ಅದು ಯಾವ ಕಡೆಗೆ ಹರಿಯುತ್ತದೆಂದು ನೋಡಬಹುದು. ಸಜ್ಜೆಯ ಕೆಳಮೈಯಲ್ಲಿ, ಹೊರಅಂಚಿನ ಹತ್ತಿರ, ಬೆರಳಿನಗಲದ ತೋಡೊಂದು ಇರಬೇಕು. ಅದಿಲ್ಲದಿದ್ದರೆ ನೀರು ಅಂಚಿನಿಂದ ಕೆಳಗೆ ಬೀಳದೆ ಕೆಳಮೈಗೆ ಅಂಟಿಕೊಂಡು ಒಳಗೆ ಹರಿದು ಬಾಗಿಲುವಾಡದ ಮೇಲೆ ಇಳಿಯುತ್ತದೆ. ಬಾಗಿಲುವಾಡದ ಕಾಲುಗಳು ಮಣ್ಣಿಗೆ ತಾಗದಂತೆ, ಹೂಕುಂಡಗಳು ಅವಕ್ಕೆ ಒರಗದಂತೆ ನೋಡಿಕೊಳ್ಳಿರಿ. ತೇವ ಮತ್ತು ಮಣ್ಣಿನ ಸಂಪರ್ಕ ಎರಡೂ ಸಿಕ್ಕಿದ ಕಡೆ ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರುತ್ತದೆ, ಕುಂಡದ ಹಿಂದೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ಬಾಗಿಲು ತೆರೆದರೆ ಬೀದಿಯವರಿಗೆಲ್ಲ ಮನೆ ಕಾಣುತ್ತದೆ. ಸುರಕ್ಷತೆಗಾಗಿ ಕಾಂಪೌಂಡ್ ಗೋಡೆಯನ್ನು ಏಳು ಅಡಿಗೆ ಏರಿಸಿ, ತಗಡಿನ ಮುಚ್ಚಿದ ಗೇಟು ಹಾಕಿಸಬೇಕೆಂದಿದ್ದೇವೆ. ಸರಿಯೇ?

ಉತ್ತರ: ನನಗೆ ಇದು ಸರಿಯೆನಿಸುವುದಿಲ್ಲ. ಏಳು ಅಡಿಯ ಗೋಡೆ ಬೀದಿಯವರ ಕಣ್ಣಿನಿಂದ ನಿಮ್ಮನ್ನು ಮರೆಮಾಡುವಂತೆಯೇ, ಅದನ್ನು ಹಾರಿ ಒಳಗೆ ಬಂದವನನ್ನೂ ಮರೆಮಾಡುತ್ತದೆ. ಆಮೇಲೆ ಅವನು ಬೀಗದ ಮುಂದೆ ಎಷ್ಟು ಹೊತ್ತು ಕುಳಿತರೂ ಕೇಳುವವರಿಲ್ಲ. ಬಾಗಿಲುಗಳಿಂದ, ಕಿಟಕಿಗಳಿಂದ ಸಹಜವಾಗಿ ಬೀದಿಯನ್ನು ನೋಡುತ್ತಿರುವ ಸಾಮಾನ್ಯ ಜನರ ಕಣ್ಣುಗಳೇ ಬೀದಿಯ ಕಾವಲು ಎಂದು ನಗರಗಳ ಕುರಿತು ಬರೆದ ಜೇನ್ ಜೇಕಬ್ಸ್ 1961ರಲ್ಲಿಯೇ ವಾದಿಸಿದ್ದರು. ಆ ಮಾತು ಇಂದಿಗೂ ಸತ್ಯವೆಂದು ನಾನು ನಂಬುತ್ತೇನೆ. ಗೋಡೆಯನ್ನು ನಾಲ್ಕು ಅಡಿಗೆ ನಿಲ್ಲಿಸಿ, ಮೇಲೆ ಬೇಕಾದರೆ ಆಚೀಚೆ ಕಾಣುವಂಥ ಸರಳುಗಳನ್ನು ಹಾಕಿಸಿರಿ. ಮನೆಯೊಳಗು ಬೀದಿಗೆ ಕಾಣಬಾರದೆಂಬುದು ನ್ಯಾಯವಾದ ಬಯಕೆಯೇ. ಅದನ್ನು ಗೋಡೆಯಿಂದಲ್ಲ, ಬಾಗಿಲಿನ ಸಮೀಪದ ಮರೆಯಿಂದ ಈಡೇರಿಸಿಕೊಳ್ಳಬೇಕು. ಅದರ ವಿವರ ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

ಪ್ರಶ್ನೆ: ನನ್ನ ತಾಯಿಗೆ ಈಗ ವಾಕರ್ ಹಿಡಿದೇ ನಡೆಯಬೇಕಾಗಿದೆ. ಮುಂಬಾಗಿಲಿನ ಹೊರಗೆ ಮೂರು ಮೆಟ್ಟಿಲುಗಳಿವೆ, ಬಾಗಿಲು ದಾಟಿದ ಕೂಡಲೇ ಮೊದಲ ಮೆಟ್ಟಿಲು. ಹೊಸ್ತಿಲೂ ಎತ್ತರವಾಗಿದೆ. ಅವರು ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ಏನು ಮಾಡಬಹುದು?

ಉತ್ತರ: ನಿಮ್ಮ ತಾಯಿಯವರು ಹೊರಗೆ ಬರುವುದನ್ನು ಬಿಟ್ಟಿದ್ದರೆ ಅದಕ್ಕೆ ಕಾರಣ ಅವರ ಕಾಲುಗಳಷ್ಟೇ ಅಲ್ಲ, ಬಾಗಿಲಿನ ಮುಂದೆ ನಿಲ್ಲಲು ಜಾಗವೇ ಇಲ್ಲದಿರುವುದು. ಹೊಸ್ತಿಲನ್ನು ದಾಟುವಾಗ ಮನುಷ್ಯನ ಕೈ ಚಿಲಕದ ಮೇಲಿರುತ್ತದೆ, ಕಣ್ಣು ಎದುರಿಗಿರುತ್ತದೆ, ಒಂದು ಕಾಲು ಗಾಳಿಯಲ್ಲಿರುತ್ತದೆ. ಅದೇ ಕ್ಷಣದಲ್ಲಿ ನೆಲ ಕೆಳಗಿಳಿದರೆ ಗಟ್ಟಿಯಾದ ಕಾಲುಗಳೂ ತಪ್ಪುತ್ತವೆ. ಮೊದಲು ಬೇಕಾದದ್ದು ಬಾಗಿಲಿನ ಹೊರಗೆ, ಒಳನೆಲದಷ್ಟೇ ಎತ್ತರದಲ್ಲಿ, ಒಂದೂವರೆ ಮೀಟರ್ ಉದ್ದ ಒಂದೂವರೆ ಮೀಟರ್ ಅಗಲದ ಸಮತಟ್ಟಾದ ಜಗಲಿ. ಮುಂದೆ ಎಂದಾದರೂ ಗಾಲಿಕುರ್ಚಿ ಬೇಕಾದರೆ ಅದು ಒಂದು ಸುತ್ತು ತಿರುಗಲು ಬೇಕಾಗುವ ಜಾಗವೂ ಇಷ್ಟೇ.

ಜಗಲಿಯಿಂದ ಕೆಳಗಿಳಿಯಲು ಇಳಿಜಾರು ಮಾಡಿಸುವುದಾದರೆ ಹನ್ನೆರಡಕ್ಕೆ ಒಂದು ಎಂಬ ಪ್ರಮಾಣವನ್ನು ಮೀರಬೇಡಿರಿ. ಹದಿನೈದು ಸೆಂಟಿಮೀಟರಿನ ಮೂರು ಮೆಟ್ಟಿಲು ಎಂದರೆ 45 ಸೆಂಟಿಮೀಟರ್ ಎತ್ತರ, ಅದಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಅಷ್ಟು ಜಾಗವಿಲ್ಲವೆಂದು ಎರಡೇ ಮೀಟರಿನಲ್ಲಿ ಕಡಿದಾಗಿ ಮಾಡಿಸುವವರಿದ್ದಾರೆ. ಅದು ಮೆಟ್ಟಿಲಿಗಿಂತ ಅಪಾಯಕಾರಿ, ಏಕೆಂದರೆ ವಾಕರ್ ಮುಂದಕ್ಕೆ ಓಡುತ್ತದೆ. ಜಾಗವಿಲ್ಲದಿದ್ದರೆ ಗೋಡೆಯ ಪಕ್ಕಕ್ಕೆ ಹೊಂದಿಕೊಂಡಂತೆ ಇಳಿಜಾರನ್ನು ತಿರುಗಿಸಿರಿ, ಇಲ್ಲವೇ ಮೆಟ್ಟಿಲುಗಳನ್ನೇ ಸರಿಪಡಿಸಿರಿ. ಮೆಟ್ಟಿಲಿನ ಅಳತೆಗೆ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೋಂಡೆಲ್ ಹದಿನೇಳನೇ ಶತಮಾನದಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಎತ್ತರದ ಎರಡರಷ್ಟಕ್ಕೆ ತುಳಿಯುವ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯ ಅಳತೆ ಬರಬೇಕು. ಇಂದಿನ ರೂಢಿಯಲ್ಲಿ ಅದು 60ರಿಂದ 64 ಸೆಂಟಿಮೀಟರ್. ಎತ್ತರ 15, ಅಗಲ 30 ಇಟ್ಟರೆ ಸರಿಹೊಂದುತ್ತದೆ. ಮೂರು ಮೆಟ್ಟಿಲುಗಳೂ ಒಂದೇ ಎತ್ತರದಲ್ಲಿರುವುದು ಸೂತ್ರಕ್ಕಿಂತ ಮುಖ್ಯ. ಹೊರಗಿನ ನೆಲಕ್ಕೆ ಆಮೇಲೆ ಹೊಸದಾಗಿ ಕಲ್ಲು ಹಾಸಿದಾಗ ಕೆಳಗಿನ ಮೆಟ್ಟಿಲು ಮಾತ್ರ ಗಿಡ್ಡವಾಗಿಬಿಡುತ್ತದೆ, ಕಾಲು ಎಡವುವುದು ಅಲ್ಲಿಯೇ. ಮೆಟ್ಟಿಲುಗಳ ಅಂಚಿಗೆ ಎದ್ದು ಕಾಣುವ ಬೇರೆ ಬಣ್ಣದ ಪಟ್ಟಿ ಹಾಕಿಸಿರಿ. 90 ಸೆಂಟಿಮೀಟರ್ ಎತ್ತರದಲ್ಲಿ ಎರಡೂ ಕಡೆ ಹಿಡಿಗಂಬಿ ಇರಲಿ, ಅದು ಮೆಟ್ಟಿಲು ಮುಗಿದ ಮೇಲೂ ಒಂದು ಅಡಿ ಮುಂದುವರಿಯಲಿ, ಏಕೆಂದರೆ ಕೊನೆಯ ಹೆಜ್ಜೆ ನೆಲಕ್ಕೆ ಊರುವವರೆಗೂ ಕೈಗೆ ಆಧಾರ ಬೇಕು.

ಹೊಸ್ತಿಲಿನ ಎತ್ತರ ಒಂದೂಕಾಲು ಸೆಂಟಿಮೀಟರಿಗಿಂತ ಹೆಚ್ಚಿರದಿದ್ದರೆ ಒಳ್ಳೆಯದು. ಮಳೆನೀರಿನ ಭಯದಿಂದ ಎತ್ತರಿಸಿದ್ದರೆ, ಮಳೆಗಾಲದಲ್ಲಿ ಕಚ್ಚಿಕೊಳ್ಳುವ ಬಾಗಿಲಿನ ಉತ್ತರದಲ್ಲಿ ಹೇಳಿದ ನೆಲದ ಇಳಿತವನ್ನು ಮೊದಲು ಸರಿಪಡಿಸಿ ಆನಂತರ ತಗ್ಗಿಸಿರಿ. ಕದ ಒಳಕ್ಕೆ ತೆರೆಯುವುದಾದರೆ ಒಳಗಡೆ ಚಿಲಕದ ಪಕ್ಕದಲ್ಲಿ ಒಂದೂವರೆ ಅಡಿ ಗೋಡೆಯ ಜಾಗ ಖಾಲಿಯಿರಲಿ. ಅಲ್ಲಿ ಚಪ್ಪಲಿಯ ಕಪಾಟು ಇದ್ದರೆ ವಾಕರ್ ಹಿಡಿದವರು ಕದವನ್ನು ತಮ್ಮತ್ತ ಎಳೆದುಕೊಳ್ಳುವಾಗ ಹಿಂದೆ ಸರಿಯಲು ದಾರಿಯಿರುವುದಿಲ್ಲ. ಇವೆಲ್ಲ ಆದ ಮೇಲೆ ಜಗಲಿಯ ಮೇಲೆ, ಬೀದಿ ಕಾಣುವ ಮೂಲೆಯಲ್ಲಿ, ಕೈಗಳಿರುವ ಗಟ್ಟಿಯಾದ ಕುರ್ಚಿಯೊಂದನ್ನು ಅವರಿಗಾಗಿ ಇಡಿರಿ. ಹೊರಗೆ ಬಂದವರಿಗೆ ಕೂರಲು ಜಾಗವಿದ್ದರೆ ಹೊರಗೆ ಬರುವ ಮನಸ್ಸೂ ಆಗುತ್ತದೆ.

ಪ್ರಶ್ನೆ: ಬಾಗಿಲಿಗೆ ಮ್ಯಾಜಿಕ್ ಐ ಹಾಕಿಸಿದ್ದೇವೆ. ರಾತ್ರಿ ಯಾರಾದರೂ ಬಂದರೆ ಆಕಾರ ಮಾತ್ರ ಕಾಣುತ್ತದೆ, ಮುಖ ತಿಳಿಯುವುದಿಲ್ಲ. ಇದರ ಮೂಲಕ ಹೊರಗಿನವರು ಒಳಗೆ ನೋಡಬಹುದೇ?

ಉತ್ತರ: ಮುಖ ತಿಳಿಯದಿರುವುದು ಮಸೂರದ ದೋಷವಲ್ಲ, ದೀಪದ ಸ್ಥಾನದ ದೋಷ. ಬಂದವರ ಬೆನ್ನ ಹಿಂದೆ ಬೀದಿದೀಪವೋ ಗೇಟಿನ ದೀಪವೋ ಉರಿಯುತ್ತಿದ್ದರೆ ಅವರು ನಿಮಗೆ ಬರಿಯ ನೆರಳಾಗಿ ಕಾಣುತ್ತಾರೆ. ತಲೆಯ ಮೇಲೆಯೇ ದೀಪವಿದ್ದರೆ ಕಣ್ಣುಗಳ ಗುಳಿಯಲ್ಲಿ ಕತ್ತಲೆ ತುಂಬಿರುತ್ತದೆ. ಬಾಗಿಲಿನ ಪಕ್ಕದ ಗೋಡೆಯಲ್ಲಿ, ಸರಿಸುಮಾರು ಮುಖದ ಎತ್ತರದಲ್ಲಿ, ಹಾಲುಬಣ್ಣದ ಗಾಜಿನ ಮುಚ್ಚಳವಿರುವ ಮಂದವಾದ ದೀಪ ಹಾಕಿಸಿದರೆ ಮುಖ ಸ್ಪಷ್ಟವಾಗುತ್ತದೆ. ಕಣ್ಣು ಕೋರೈಸುವ ಪ್ರಖರ ದೀಪ ಬೇಡ. ಬೆಳಕಿನಿಂದ ಕತ್ತಲೆಗೆ ಹೋದ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಪ್ರಖರ ದೀಪದ ವೃತ್ತದಾಚೆಗೆ ಕಾಲಿಟ್ಟವರಿಗೆ ಮೆಟ್ಟಿಲೇ ಕಾಣುವುದಿಲ್ಲ.

ಮ್ಯಾಜಿಕ್ ಐ ಎಂಬುದು ತಿರುವಿ ಹಿಡಿದ ಒಂದು ಪುಟ್ಟ ದೂರದರ್ಶಕ: ಹೊರಗಡೆ ಬೆಳಕನ್ನು ಚದುರಿಸುವ ಮಸೂರ, ಒಳಗಡೆ ಕೂಡಿಸುವ ಮಸೂರ. ಹೊರಗಿನ 160 ಡಿಗ್ರಿಗೂ ಮೀರಿದ ವ್ಯಾಪ್ತಿ ಚಿಕ್ಕದಾಗಿ ಒಳಗೆ ಮೂಡುತ್ತದೆ. ಬರಿಗಣ್ಣಿನಿಂದ ಹೊರಗಿನವರಿಗೆ ಒಳಗಿನ ಚಿತ್ರ ಸಿಗುವುದಿಲ್ಲ, ಆದರೆ ಇದರ ಪರಿಣಾಮವನ್ನು ಮತ್ತೆ ತಿರುವುವ ಚಿಕ್ಕ ಮಸೂರದ ಸಾಧನಗಳಿವೆ, ಅವುಗಳಿಂದ ನೋಡಲು ಸಾಧ್ಯ. ಸಾಧನವಿಲ್ಲದಿದ್ದರೂ, ಒಳಗಿನ ಬೆಳಕು ಕಿಂಡಿಯಲ್ಲಿ ಮಿನುಗುತ್ತಿದ್ದು ಒಮ್ಮೆಲೇ ಕಪ್ಪಾದರೆ ಯಾರೋ ಬಾಗಿಲ ಹಿಂದೆ ನಿಂತರೆಂದು ತಿಳಿಯುತ್ತದೆ. ಆದ್ದರಿಂದ ಒಳಗಡೆ ಸರಿಸಬಹುದಾದ ಮುಚ್ಚಳವಿರುವುದನ್ನೇ ಹಾಕಿಸಿರಿ. ಮನೆಯಲ್ಲಿ ಮಕ್ಕಳೋ ಗಾಲಿಕುರ್ಚಿಯಲ್ಲಿರುವವರೋ ಇದ್ದರೆ ನೆಲದಿಂದ 1.1 ಮೀಟರ್ ಎತ್ತರದಲ್ಲಿ ಎರಡನೆಯದು ಬೇಕು. ಕ್ಯಾಮೆರಾ ಇರುವ ಕರೆಗಂಟೆ ಹಾಕಿಸುವುದಾದರೆ, ಎದುರುಮನೆಯ ಬಾಗಿಲು ಚಿತ್ರದಲ್ಲಿ ಬಾರದಂತೆ ಕೋನವನ್ನು ತಿರುಗಿಸಿರಿ. ಹಲವು ಉಪಕರಣಗಳಲ್ಲಿ ಚಿತ್ರದ ಒಂದು ಭಾಗವನ್ನು ಮಸುಕುಗೊಳಿಸುವ ಸೌಲಭ್ಯವೂ ಇರುತ್ತದೆ.

ಪ್ರಶ್ನೆ: ಪಡುವಣಕ್ಕೆ ಮುಖ ಮಾಡಿದ ನಮ್ಮ ಬಾಗಿಲಿನ ಪಾಲಿಶ್ ವರ್ಷ ತುಂಬುವುದರೊಳಗೆ ಸಿಪ್ಪೆಯೇಳುತ್ತದೆ. ಸಜ್ಜೆಯಿದ್ದರೂ ಹೀಗೇಕೆ?

ಉತ್ತರ: ಸಂಜೆಯ ಬಿಸಿಲು ತಗ್ಗಿನಿಂದ ಬರುತ್ತದೆ. ಸೂರ್ಯ 60 ಡಿಗ್ರಿ ಎತ್ತರದಲ್ಲಿರುವಾಗ ಎರಡು ಅಡಿಯ ಸಜ್ಜೆ ಕೆಳಗಿನ ಒಂದು ಮೀಟರಿಗೂ ನೆರಳು ಕೊಟ್ಟರೆ, 30 ಡಿಗ್ರಿಗೆ ಇಳಿದಾಗ ಅದೇ ಸಜ್ಜೆಯ ನೆರಳು 35 ಸೆಂಟಿಮೀಟರಿಗೆ ಕುಗ್ಗುತ್ತದೆ. ಬಣ್ಣವಿಲ್ಲದ ವಾರ್ನಿಷ್ ಮೂಲಕ ಹಾದುಹೋಗುವ ನೇರಳಾತೀತ ಕಿರಣ ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಅನ್ನು ಒಡೆಯುತ್ತದೆ, ಆಗ ವಾರ್ನಿಷಿನ ಪದರಕ್ಕೆ ಕೆಳಗೆ ಹಿಡಿತವೇ ಉಳಿಯುವುದಿಲ್ಲ. ಬಣ್ಣದ ಕಣಗಳಿರುವ, ಮರದೊಳಗೆ ಇಳಿಯುವ ಲೇಪವನ್ನು ಬಳಸಿರಿ. ಬಿಸಿಲು ಬರುವ ಪಕ್ಕಕ್ಕೆ ಜಾಲರಿಯನ್ನೋ ಎಲೆ ತುಂಬಿದ ಗಿಡವನ್ನೋ ನಿಲ್ಲಿಸಿರಿ, ತಗ್ಗಿನ ಬಿಸಿಲಿಗೆ ನಿಂತ ಮರೆಯೇ ಮದ್ದು.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ನಮ್ಮ ಬಾಗಿಲಿಗೆ ಎರಡೇ ಮೀಟರ್ ಎದುರಿಗೆ ಪಕ್ಕದವರ ಬಾಗಿಲು. ಇಬ್ಬರೂ ಬಾಗಿಲು ತೆರೆದಾಗ ಒಬ್ಬರ ಹಜಾರ ಇನ್ನೊಬ್ಬರಿಗೆ ಪೂರ್ತಿ ಕಾಣುತ್ತದೆ. ಸದಾ ಮುಚ್ಚಿಟ್ಟರೆ ಗಾಳಿಯಿಲ್ಲ, ತೆರೆದರೆ ಸಂಕೋಚ.

ಉತ್ತರ: ಇದಕ್ಕೆ ಬಾಗಿಲು ಮುಚ್ಚುವ ಅಗತ್ಯವಿಲ್ಲ, ಪೂರ್ತಿ ಎತ್ತರದ ಅಡ್ಡಗೋಡೆಯೂ ಬೇಡ. ಬಾಗಿಲಿನಿಂದ ಒಂದು ಮೀಟರ್ ಒಳಗೆ 1.4 ಮೀಟರ್ ಎತ್ತರದ ಪರದೆಯನ್ನೋ ಕಪಾಟನ್ನೋ ನಿಲ್ಲಿಸಿರಿ. ಎದುರುಬಾಗಿಲಿನಲ್ಲಿ ನಿಂತವರ ಕಣ್ಣು ನೆಲದಿಂದ 1.55 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಅವರ ನೋಟ ಪರದೆಯ ಮೇಲಂಚನ್ನು ದಾಟಿ ಇನ್ನೆರಡು ಮೀಟರ್ ಒಳಗೆ ಬರುವಷ್ಟರಲ್ಲಿ 1.3 ಮೀಟರ್ ಎತ್ತರದಲ್ಲಿರುತ್ತದೆ. ಕುರ್ಚಿಯಲ್ಲಿ ಕುಳಿತವರ ನೆತ್ತಿ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಕುಳಿತವರು ಕಾಣುವುದಿಲ್ಲ, ಎದ್ದು ನಿಂತವರು ಪರಸ್ಪರ ಕಂಡು ಮಾತನಾಡಬಹುದು, ಪರದೆಯ ಮೇಲಿನಿಂದ ಗಾಳಿ ಬೆಳಕುಗಳು ಎಂದಿನಂತೆ ಬರುತ್ತವೆ. ಪರದೆಯ ಕೆಳಗೂ ಒಂದು ಗೇಣು ಜಾಗ ಬಿಟ್ಟರೆ ನೆಲಮಟ್ಟದ ಗಾಳಿಯೂ ಆಡುತ್ತದೆ. ಅಗಲ ಬಾಗಿಲಿಗಿಂತ ಹೆಚ್ಚಿರಬೇಕು, ಇಲ್ಲವಾದರೆ ಓರೆಯಿಂದ ಎಲ್ಲವೂ ಕಾಣುತ್ತದೆ. ಆದರೆ ಪರದೆಯ ಒಂದು ಪಕ್ಕದಲ್ಲಾದರೂ 90 ಸೆಂಟಿಮೀಟರ್ ದಾರಿ ತೆರವಾಗಿರಲಿ. ಅವಸರದಲ್ಲಿ ಹೊರಗೆ ಓಡಬೇಕಾದ ಸಂದರ್ಭದಲ್ಲಿ ಯಾವ ಅಡ್ಡಿಯೂ ಇರಬಾರದು. ಅದೇ ಕಾರಣಕ್ಕೆ, ಮುಂಬಾಗಿಲಿಗೆ ಒಳಗಿನಿಂದಲೂ ಕೀಲಿ ಹಾಕಿಯೇ ತೆರೆಯಬೇಕಾದ ಬೀಗವಿದ್ದರೆ ತೆಗೆಸಿ, ಒಳಗಿನಿಂದ ಕೈಯಲ್ಲೇ ತಿರುಗಿಸುವಂಥದ್ದನ್ನು ಹಾಕಿಸಿರಿ.

ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಹಜಾರದ ನಡುವಿನ ದೀಪದ ಬದಲು ಬಾಗಿಲಿನ ಹತ್ತಿರದ ದೀಪವನ್ನು ಮೊದಲು ಹಚ್ಚಿರಿ. ಬೆಳಗಿದ ಪರದೆಯ ಹಿಂದಿನ ಮಂದ ಬೆಳಕಿನ ಕೋಣೆ ಹೊರಗಿನ ಕಣ್ಣಿಗೆ ಬಹುಮಟ್ಟಿಗೆ ಕಾಣದು. ಪರದೆ ತರುವ ಮೊದಲು ಎದುರುಮನೆಯವರಿಗೂ ಒಂದು ಮಾತು ತಿಳಿಸಿರಿ. ಅವರಿಗೂ ಇದೇ ಸಂಕೋಚವಿರುವ ಸಾಧ್ಯತೆ ಹೆಚ್ಚು, ಮತ್ತು ಇದೇ ಅಳತೆಯ ಪರದೆ ಅವರ ಕಡೆಗೂ ಸರಿಹೊಂದುತ್ತದೆ.